ಒಕ್ಕೂಟ ಬಿಡುವ ಮತ, ಮಾವನವರ ಮಾನ

ಗುಪ್ತ ಮತದಾನವನ್ನು ಕಂಡುಹಿಡಿದವನು ಖಂಡಿತ ಮದುವೆಯಾದವನೇ ಇರಬೇಕು. ಹರಿಹರದಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಹೆಂಡತಿ ಗಿರಿಜೆಯ ತವರು ದಾವಣಗೆರೆ. ಎರಡೂ ಊರಿನ ವ್ಯಾಪಾರಿಗಳಿಗೆ ಸೇರಿ ಒಂದೇ ಒಕ್ಕೂಟ, ಅದರ ಅಧ್ಯಕ್ಷರು ಗಿರಿಜೆಯ ಅಪ್ಪ. ಸಭೆ ನಡೆಯುವುದು ದಾವಣಗೆರೆಯಲ್ಲಿ, ಸನ್ಮಾನ ಆಗುವುದು ದಾವಣಗೆರೆಯವರಿಗೆ. ಹರಿಹರದವರ ಪಾಲಿಗೆ ವಂದನಾರ್ಪಣೆ. ಅದೂ ಜನ ಊಟಕ್ಕೆ ಎದ್ದ ಮೇಲೆ. ಖಾಲಿ ಕುರ್ಚಿಗಳಿಗೆ ಎಷ್ಟೋ ಸಲ ನಾನೇ ಕೈಮುಗಿದಿದ್ದೇನೆ.

ಈ ವರ್ಷ ಪಕ್ಕದ ಪುಸ್ತಕದಂಗಡಿಯ ರುದ್ರಪ್ಪ ಸಿಡಿದೆದ್ದ. "ಸಾಕ್ರಿ ಇವರ ಸಹವಾಸ, ನಮ್ಮೂರಿಗೆ ನಮ್ಮದೇ ಸಂಘ ಇರ್ಲಿ" ಎಂದು ಹರಿಹರದ ಸದಸ್ಯರ ಮತಕ್ಕೆ ಹಾಕಿಸಿದ. ಮನೆಯಲ್ಲಿ ಗಿರಿಜೆ, "ಅಪ್ಪ ಕಟ್ಟಿದ ಒಕ್ಕೂಟ. ನೀವೇ ಒಡೆದ್ರೆ ತವರಿಗೆ ಹೆಂಗೆ ಮುಖ ತೋರಿಸ್ಲಿ? ಬ್ಯಾಡ್ರಿ" ಎಂದಳು. ಇಬ್ಬರಿಗೂ "ಆಯ್ತು" ಎಂದೆ. ಆದರೆ ಒಳಗೊಳಗೇ, ಹುಟ್ಟಿದ ಮೇಲೆ ಮೊದಲ ಬಾರಿಗೆ, ಮಾವನವರಿಗೆ ಎದುರು ನಿಲ್ಲುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

ಮತಪತ್ರದ ಒಕ್ಕಣೆ ರುದ್ರಪ್ಪನದೇ. ಅವನಿಗೆ ಸರಳವಾಗಿ ಬರೆದರೆ ಬರೆದಂತೆಯೇ ಅಲ್ಲ. "ಒಕ್ಕೂಟದಿಂದ ಹೊರಬರಬಾರದೆಂಬ ವಾದವನ್ನು ತಾವು ತಿರಸ್ಕರಿಸುತ್ತೀರಾ? ಹೌದು / ಇಲ್ಲ." ಪರದೆಯ ಹಿಂದೆ ನಿಂತು ಓದಿದೆ, ಮತ್ತೆ ಓದಿದೆ, ಬೆವೆತೆ. ಹೊರಗಿನಿಂದ ರುದ್ರಪ್ಪ, "ಏನ್ರಿ, ಒಳಗೇ ಮಲಗಿದ್ರೇನು?" ಎಂದು ಕೂಗಿದ. ನನಗೆ ಒಕ್ಕೂಟ ಬೇಡ ತಾನೆ? ಬೇಡ ಅಂದಮೇಲೆ "ಇಲ್ಲ". ಎದೆಯುಬ್ಬಿಸಿ ಮುದ್ರೆ ಒತ್ತಿ ಬಂದೆ.

ಸಂಜೆ ಎಣಿಕೆಯಾಯಿತು. "ಇಲ್ಲ" ಭಾರಿ ಬಹುಮತದಿಂದ ಗೆದ್ದಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ರುದ್ರಪ್ಪ ಮಾತ್ರ ಚೀಟಿ ಹಿಡಿದು ಕೂತುಬಿಟ್ಟ. "ಇಲ್ಲ ಅಂದ್ರೆ ತಿರಸ್ಕರಿಸಲ್ಲ ಅಂತ ಅರ್ಥ. ಅಂದ್ರೆ ಒಕ್ಕೂಟದಾಗೇ ಇರ್ತೀವಿ ಅಂತ!"

"ನೀವು ಯಾವುದಕ್ಕೆ ಒತ್ತಿದ್ರಿ?" ಎಂದೆ.

ಅವನು ಕನ್ನಡಕ ಒರೆಸಿದ. "ಜೋಶ್‌ನಾಗಿದ್ದೆ ನೋಡ್ರಿ... ಇಲ್ಲಕ್ಕೇ."

ಮನೆ ಮುಟ್ಟುವ ಮೊದಲೇ ಮಾವನವರ ಫೋನು: "ಅಳಿಯಂದ್ರೇ, ನನ್ನ ಮಾನ ಉಳಿಸಿದ್ರಿ!" ಗಿರಿಜೆ ಹೋಳಿಗೆ ಮಾಡಿದ್ದಳು. "ನೀವು ನನ್ನ ಮಾತು ಮೀರಲ್ಲ ಅಂತ ಗೊತ್ತಿತ್ತು" ಎಂದು ಕಣ್ಣೊರೆಸಿಕೊಳ್ಳುತ್ತಾ ತುಪ್ಪ ಸುರಿದಳು. ನನ್ನ ಬಾಳಿನ ಏಕೈಕ ಬಂಡಾಯ ವ್ಯಾಕರಣಕ್ಕೆ ಸಿಕ್ಕಿ ಸತ್ತಿತ್ತು. ಸತ್ಯ ಹೇಳಿಬಿಡೋಣವೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಇನ್ನೊಂದು ಹೋಳಿಗೆ ಬಂತು.