ಪಟ್ಟಾಭಿಯ ಮೌನವ್ರತ

ಪಟ್ಟಾಭಿರಾಮನ ಕಷ್ಟಕ್ಕೆಲ್ಲ ಮೂಲ ಅವನ ನಾಲಿಗೆ. ಯಾರು ಏನು ಕೇಳಿದರೂ ಅದು "ಆಗ್ಲಿ ಬಿಡಿ" ಎಂದುಬಿಡುತ್ತಿತ್ತು. ವಾರವಿಡೀ ಬಾಹ್ಯಾಕಾಶ ಕೇಂದ್ರದಲ್ಲಿ ದುಡಿದವನು ಭಾನುವಾರ ಕನ್ನಡ ಸಂಘದ ಕುರ್ಚಿ ಹೊರಬೇಕು, ಮೇಲಿನ ಮನೆಯ ಅಜ್ಜಿಯನ್ನು ಸ್ಟೇಷನ್ನಿಗೆ ಬಿಡಬೇಕು, ಗರ್ಬಾ ನಡೆಯುವಲ್ಲಿ ದೀಪದ ಸರ ಕಟ್ಟಬೇಕು. ಗುಜರಾತಿನ ವಸ್ತ್ರಾಪುರದ ಆ ವಸತಿ ಸೊಸೈಟಿಯಲ್ಲಿ ಅವನು ಊರವರೆಲ್ಲ ಎಳೆದ ಬಾವಿಹಗ್ಗದಂತೆ ಸವೆದುಹೋಗಿದ್ದ. ಕಳೆದ ವಾರವಂತೂ ಮೆಟ್ಟಿಲು ಹತ್ತುವ ಮನಸ್ಸಾಗದೆ ಪಾರ್ಕಿಂಗಿನಲ್ಲೇ ಸ್ಕೂಟರಿನ ಮೇಲೆ ಕೂತು ಕಣ್ಣೀರು ಹಾಕಿದ್ದ.

"ಬೇಡ ಅನ್ನೋಕೆ ಬರಲ್ಲ ಅಂದ್ರೆ ಬಾಯೇ ಬಿಡ್ಬೇಡಿ!" ಎಂದು ಹೆಂಡತಿ ರಜನಿ ರೇಗಿದಳು.

ಪಟ್ಟಾಭಿಗೆ ಜ್ಞಾನೋದಯವಾಯಿತು. ಭಾನುವಾರ ಬೆಳಗ್ಗೆ ಮಿಂದು ಮಡಿಯುಟ್ಟು, "ಇಂದು ಮೌನವ್ರತ" ಎಂದು ಗುಜರಾತಿಯಲ್ಲಿ ಬರೆದ ರಟ್ಟನ್ನು ಕೊರಳಿಗೆ ನೇತುಹಾಕಿಕೊಂಡ. ಜನ ಕೇಳಿದ್ದು ಕಿವಿಗೆ ಬಿದ್ದರೆ ತಲೆಯಾದರೂ ಆಡಿಸಿಬಿಟ್ಟೇನೆಂಬ ಭಯಕ್ಕೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡ. ವ್ರತವೆಂದರೆ ಕೈಮುಗಿಯುವ ಜನ ಇಲ್ಲಿಯವರು. ಇನ್ನು ಯಾರು ತಾನೇ ತಡವಿಯಾರು?

ಮೊದಲು ಬಂದವರು ಕನ್ನಡ ಸಂಘದ ಪದ್ಮಾವತಿಯಮ್ಮ. ಅವರ ತುಟಿ ಬಹಳ ಹೊತ್ತು ಆಡಿತು. ಪಟ್ಟಾಭಿ ಮುಗುಳ್ನಗುತ್ತಾ ಕೂತ. ಒಳಗಿನಿಂದ ರಜನಿ ಸೌಟು ಬೀಸಿ ಏನೋ ಸನ್ನೆ ಮಾಡಿದಳು. ಶಹಬ್ಬಾಸ್ ಎನ್ನುತ್ತಿದ್ದಾಳೆಂದುಕೊಂಡು ಅವನು ಕಣ್ಣನ್ನೂ ಮುಚ್ಚಿದ. ತೆರೆದಾಗ ಪದ್ಮಾವತಿಯಮ್ಮ ಹೊರಟುಹೋಗಿದ್ದರು. ಆಹಾ, ಇಷ್ಟು ಸುಲಭವೆಂದು ಮೊದಲೇ ಗೊತ್ತಿದ್ದರೆ!

ಸಂಜೆ ಸೊಸೈಟಿಯ ವಾರ್ಷಿಕ ಸಭೆ. ಪ್ರತಿ ವರ್ಷ ತಲೆನೋವೆಂದು ಮಲಗಿಬಿಡುತ್ತಿದ್ದವನು ಈ ಸಲ ಎದೆಯುಬ್ಬಿಸಿ ಮುಂದಿನ ಸಾಲಿನಲ್ಲೇ ಕೂತ. ರಜನಿ ಹಿಂದೆ ಹೆಂಗಸರ ಸಾಲಿನಲ್ಲಿದ್ದಳು. ಅಧ್ಯಕ್ಷ ರಾಕೇಶ್‌ಭಾಯಿ ಏನೋ ಹೇಳಿ ಅವನತ್ತ ತಿರುಗಿದರು. ಎಲ್ಲರೂ ತಿರುಗಿದರು. ಪಟ್ಟಾಭಿ ನಕ್ಕ. ಜನ ಚಪ್ಪಾಳೆ ತಟ್ಟಿದರು, ಕೊರಳಿಗೆ ಹಾರವೂ ಬಿತ್ತು. ಒಂದು ವ್ರತಕ್ಕೆ ಇಷ್ಟೊಂದು ಮರ್ಯಾದೆಯೇ ಎಂದು ಅವನ ಕಣ್ಣು ತುಂಬಿ ಬಂತು.

ಮನೆಗೆ ಬಂದವನೇ ಹತ್ತಿ ಕಿತ್ತೆಸೆದು ಕುಣಿದ. "ಗೆದ್ದೆ ಕಣೇ! ಇಡೀ ದಿನ ಒಂದೇ ಒಂದು ಕೆಲಸ ಒಪ್ಕೊಂಡಿಲ್ಲ!"

"ಒಪ್ಕೊಂಡಿಲ್ವಾ?" ರಜನಿ ಸೊಂಟಕ್ಕೆ ಕೈಯಿಟ್ಟಳು. "ಸಂಘದ ದಸರಾ ಊಟದ ಜವಾಬ್ದಾರಿ ಪೂರ್ತಿ ನಿಮ್ದೇ. ಮೌನಂ ಸಮ್ಮತಿ ಲಕ್ಷಣಂ ಅಂತ ಹೇಳಿ ಪದ್ಮಾವತಿಯಮ್ಮ ಖುಷಿಯಾಗಿ ಹೋದ್ರು. ಸಭೇಲಿ ನಿಮ್ಮನ್ನ ಸೊಸೈಟಿ ಸೆಕ್ರೆಟರಿ ಮಾಡಿದ್ರು. ಅಭ್ಯಂತರ ಇದ್ರೆ ಹೇಳಿ ಅಂತ ಮೂರು ಸಲ ಕೇಳಿದ್ರು. ನಿಮ್ಮ ಪರವಾಗಿ ನಾನೇ ಬೇಡ ಅಂದೆ. 'ಭಾಭೀ, ಅವರೇ ನಗ್ತಿದ್ದಾರಲ್ಲ' ಅಂದ್ಬಿಟ್ರು!"

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಹೊಸ ಸೆಕ್ರೆಟರಿಗೆ ಒಪ್ಪಿಸಲು ನೀರಿನ ಪಂಪಿನ ಬೀಗದ ಕೈ ಹಿಡಿದು ರಾಕೇಶ್‌ಭಾಯಿ ನಿಂತಿದ್ದರು. ಹಿಂದೆ ಅರ್ಧ ಸೊಸೈಟಿಯೇ ಇತ್ತು.

ಪಟ್ಟಾಭಿಯ ಹೊಟ್ಟೆಯೊಳಗಿಂದ ವರ್ಷಗಟ್ಟಲೆ ಅಮುಕಿಟ್ಟದ್ದೆಲ್ಲ ಒಮ್ಮೆಲೇ ಎದ್ದು ಬಂತು. "ನಹೀ! ನಹೀ ಹೋಗಾ! ಬಿಲ್ಕುಲ್ ನಹೀ!" ಎಂದು ಕಟ್ಟಡ ನಡುಗುವಂತೆ ಅಬ್ಬರಿಸಿದ. ಹುಟ್ಟಿದಂದಿನಿಂದ ಇದೇ ಮೊದಲ ಸಲ ಅವನು ಬೇಡ ಎಂದಿದ್ದ. ಮೈಯೆಲ್ಲ ಹಗುರಾಗಿ, ರಾಜನಂತೆ ತಲೆಯೆತ್ತಿ ನಿಂತ.

ಮರುಕ್ಷಣ ರಾಕೇಶ್‌ಭಾಯಿ ಅವನನ್ನು ಬಾಚಿ ತಬ್ಬಿಕೊಂಡು ಹಿಂದೆ ತಿರುಗಿ ಕೂಗಿದರು:

"ಕೇಳಿದಿರಾ ಗಂಟಲು! ಲಿಫ್ಟ್ ರಿಪೇರಿ ಮಾಡ್ದೆ ಸತಾಯಿಸೋ ಆ ಕಂಟ್ರಾಕ್ಟರನ ಮುಂದೆ ಹೀಗೆ ಗದರೋ ಗಂಡಸನ್ನೇ ಅಲ್ವಾ ನಾವು ಇಷ್ಟು ದಿನ ಹುಡುಕಿದ್ದು? ಒಂದು ವರ್ಷ ಸಾಲದು, ಐದು ವರ್ಷಕ್ಕೂ ಇವರೇ!"