ಉಸಿರಿಗೊಂದು ಪೈಪು

ಪ್ರತಿಯೊಬ್ಬ ಮನುಷ್ಯನಿಗೂ ತನ್ನ ದೇಹದ ಯಾವುದಾದರೊಂದು ಭಾಗದ ಮೇಲೆ ವಿಪರೀತ ಹೆಮ್ಮೆ ಇರುತ್ತದೆ. ಕೆಲವರಿಗೆ ಕೂದಲು, ಕೆಲವರಿಗೆ ಕಂಠ. ನನಗೆ ಮೂಗು. ನೋಡಲು ಅದೇನೂ ಚಂದವಿಲ್ಲ, ಹೊಗಳಿದವರೂ ಇಲ್ಲ. ಆದರೆ ಹಿರಿಯಡ್ಕದಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ನನ್ನ ಶೆಡ್ಡಿನಲ್ಲಿ ಅದರ ಮಾತೇ ಕೊನೆ. ಡಬ್ಬದ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಬಣ್ಣ ತೆಳು ಮಾಡುವ ತಿನ್ನರ್ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಿಬಿಡುತ್ತೇನೆ. ಬಾಗಿಲ ಬಳಿ ನಿಂತು ಗಾಳಿ ಎಳೆದುಕೊಂಡು, ಒಳಗಿರುವ ಬಾನೆಟ್ಟು ಒಣಗಿದೆಯೋ ಇಲ್ಲವೋ ಹೇಳುತ್ತೇನೆ. ಗಿರಾಕಿಗಳೆದುರು ಹೀಗೆ ಮೂಸುವಾಗ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸವೂ ಉಂಟು. ಮುಚ್ಚದಿದ್ದರೂ ನಡೆಯುತ್ತದೆ, ಆದರೆ ಗಿರಾಕಿಗೆ ನಂಬಿಕೆ ಬರಬೇಕಲ್ಲ.

ಇಂಥ ಮೂಗಿಗೆ ನಾನು ಕೊಟ್ಟ ರಕ್ಷಣೆ ಎಂದರೆ ಒಂದು ಬೈರಾಸು. ಹೆಗಲ ಮೇಲಿನ ಆ ತೆಳು ಟವೆಲನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮುಖಕ್ಕೆ ಬಿಗಿದು ಸ್ಪ್ರೇ ಗನ್ ಹಿಡಿದರೆ ಆಯಿತು. ಕೆಮ್ಮು ಬಂದರೆ ಬೆಲ್ಲ ತಿನ್ನಬೇಕು ಎಂಬುದು ನಮ್ಮ ಕಸುಬಿನ ವೈದ್ಯಶಾಸ್ತ್ರ. ಈ ವರ್ಷ ಮಾತ್ರ ಕೆಮ್ಮು ಬೆಲ್ಲಕ್ಕೆ ಬಗ್ಗಲಿಲ್ಲ. ಬೆಲ್ಲದ ಡಬ್ಬ ಖಾಲಿಯಾದ ದಿನ ನನ್ನ ಹೆಂಡತಿ ಜಲಜಾಕ್ಷಿ ನನ್ನನ್ನು ಎಳೆದುಕೊಂಡು ಹೋಗಿ ಮಣಿಪಾಲದ ಡಾಕ್ಟರ ಮುಂದೆ ಕೂರಿಸಿದಳು.

ಡಾಕ್ಟರು ನನ್ನಿಂದ ಒಂದು ಕೊಳವೆಯನ್ನು ಊದಿಸಿದರು, ಎದೆಗೆ ಕಿವಿಕೊಟ್ಟರು. “ಈಗ ನಿಮ್ಮ ಎದೆ ಎಚ್ಚರಿಕೆ ಕೊಡ್ತಾ ಉಂಟು, ಅಷ್ಟೇ. ಬಣ್ಣ ಗಟ್ಟಿಯಾಗ್ಲಿಕ್ಕೆ ಹಾರ್ಡನರ್ ಬೆರೆಸ್ತೀರಲ್ಲ, ಅದರಿಂದ ಆಸ್ತಮಾ ಹಿಡಿದ್ರೆ ಮತ್ತೆ ಆ ಡಬ್ಬದ ಹತ್ತಿರ ಸುಳಿಯುವಂತಿಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವಂಥ ಮಾಸ್ಕ್ ತೆಗೊಳ್ಳಿ. ಇಲ್ಲದಿದ್ರೆ ಬೇರೆ ಕೆಲಸ ನೋಡಿ” ಎಂದರು. “ವಾಸನೆ ಜೋರಾದ ಕೂಡಲೇ ನಾನು ಹೊರಗೆ ಬರ್ತೇನಲ್ಲ ಡಾಕ್ಟ್ರೇ, ನನ್ನ ಮೂಗು ಸಾಮಾನ್ಯದ್ದಲ್ಲ” ಎಂದೆ. “ಆ ವಿಷ ಮೂಗಿಗೆ ಹೇಳಿ ಒಳಗೆ ಹೋಗೂದಿಲ್ಲ” ಎಂದರು ಅವರು. ಬೇರೆ ಕೆಲಸ! ಸತ್ಯ ಹೇಳುತ್ತೇನೆ, ನನಗೆ ಭಯವಾಯಿತು. ಗೀರು ಬಿದ್ದ ಕಾರಿನ ಬಾಗಿಲಿಗೆ ನನ್ನ ಕೈಯಲ್ಲಿ ಹೊಳಪು ಬರುವುದನ್ನು ನೋಡುವ ಸುಖ ಬಿಟ್ಟು ನನಗೆ ಈ ಲೋಕದಲ್ಲಿ ಬೇರೇನೂ ಗೊತ್ತಿಲ್ಲ.

ಮನೆಗೆ ಹಿಂತಿರುಗುವ ಮೊದಲೇ ಬಸ್ಸು ಹಿಡಿದು ಬನ್ನಂಜೆಯಲ್ಲಿ ಇಳಿದು, ಕಾರ್ಖಾನೆಗಳಿಗೆ ಹೆಲ್ಮೆಟ್ಟು, ಕೈಗವಸು ಮಾರುವ ಸಿರಿಲ್‌ನ ಅಂಗಡಿಗೆ ಹೋದೆವು. ಉಸಿರಾಡಲಿಕ್ಕೆ ಇಷ್ಟು ಬಗೆಯ ಸಾಮಾನು ಉಂಟೆಂದು ನನಗೆ ಗೊತ್ತೇ ಇರಲಿಲ್ಲ. ಮೊದಲು ಅವನು ಇಡೀ ಮುಖ ಮುಚ್ಚುವ ಒಂದು ಮಾಸ್ಕ್ ತೋರಿಸಿ, ನನ್ನ ಮುಖವನ್ನು ಬಾಡಿಗೆ ಮನೆ ನೋಡುವವನ ಹಾಗೆ ಪರೀಕ್ಷಿಸಿದ. “ಇದು ಚರ್ಮಕ್ಕೆ ಬಿಗಿಯಾಗಿ ಕೂತ್ಕೊಳ್ಬೇಕು ಮಾರಾಯ್ರೆ. ಗಡ್ಡ ಇದ್ರೆ ಸಂದಿಯಲ್ಲಿ ಗಾಳಿ ನುಗ್ತದೆ. ಗಡ್ಡ ತೆಗೀಬೇಕು, ಕನ್ನಡಕದ ಕಡ್ಡಿಯೂ ಆಗೂದಿಲ್ಲ” ಎಂದ. ಕನ್ನಡಕವಿಲ್ಲದೆ ನನಗೆ ಕಾರೂ ಒಂದೇ, ಅದರ ಮಾಲೀಕನೂ ಒಂದೇ. ಗಡ್ಡ ಬೇಕಾದರೆ ತೆಗೆದೇನು ಎಂದು ಜಲಜಾಕ್ಷಿಯ ಮುಖ ನೋಡಿದೆ. “ಬೇಡ ಬೇಡ, ಆಮೇಲೆ ಮುಖ ಕಾಣ್ತದೆ” ಎಂದಳು.

ಹಾಗಾಗಿ ತಲೆಯಿಂದ ಹೆಗಲಿನವರೆಗೆ ಸಡಿಲವಾಗಿ ಇಳಿಯುವ, ಎದುರಿಗೆ ಪಾರದರ್ಶಕ ಪರದೆಯಿರುವ ಟೋಪಿಯಂಥ ಹುಡ್ ನಮ್ಮ ಪಾಲಿಗೆ ಬಂತು. ಒಳಗೆ ಗಾಳಿ ಸದಾ ತುಂಬಿ ಹೊರಗೆ ತಳ್ಳುತ್ತಲೇ ಇರುವುದರಿಂದ ಗಡ್ಡ, ಕನ್ನಡಕ ಎರಡಕ್ಕೂ ಜೀವದಾನ. ನಾನು ಬುದ್ಧಿವಂತನಂತೆ, “ಪೈಪನ್ನು ನಮ್ಮ ಸ್ಪ್ರೇ ಗನ್ನಿನ ಕಂಪ್ರೆಸರಿಗೇ ಸಿಕ್ಕಿಸ್ತೇನೆ, ಗಾಳಿ ಗಾಳಿಯೇ ಅಲ್ವಾ?” ಎಂದೆ. ಸಿರಿಲ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. “ಎಂತ ಮಾತು ಮಾರಾಯ್ರೆ! ಆ ಗಾಳಿಯಲ್ಲಿ ಎಣ್ಣೆ ಉಂಟು, ಬಿಸಿಯಾದ್ರೆ ವಿಷದ ಹೊಗೆಯೂ ಸೇರ್ತದೆ. ಎಣ್ಣೆ ಇಲ್ಲದ ಬೇರೆ ಪಂಪು ಬೇಕು. ಅದನ್ನು ಶೆಡ್ಡಿನಿಂದ ದೂರ, ಒಳ್ಳೆ ಗಾಳಿ ಇರುವಲ್ಲಿ ಇಡಿ” ಎಂದ. ಪಂಪು, ಹುಡ್, ಹಾವಿನಂತೆ ಸುತ್ತಿದ ಪೈಪು, ಎಲ್ಲವನ್ನೂ ಹೊತ್ತು ಮನೆಗೆ ಬಂದೆವು.

ಒಳ್ಳೆ ಗಾಳಿಯನ್ನು ಹುಡುಕುವ ಕೆಲಸಕ್ಕೆ ನನ್ನ ಮೂಗಿಗಿಂತ ಯೋಗ್ಯರು ಯಾರು? ಶೆಡ್ಡಿನ ಹಿಂದೆಯೇ ನಮ್ಮ ಮನೆ. ಮರುದಿನ ಬೆಳಿಗ್ಗೆ ಮನೆಗೆ ಸುತ್ತು ಹಾಕುತ್ತ ಮೂಸಿದೆ. ಎದುರಿಗೆ ಕಾರ್ಕಳ ಬಸ್ಸುಗಳ ಹೊಗೆ ಕಣ್ಣಿಗೇ ಕಾಣುತ್ತಿತ್ತು, ಅದು ಬೇಡ. ಬದಿಯಲ್ಲಿ ಜನರೇಟರು, ಅದೂ ಬೇಡ. ಹಿತ್ತಲ ಮೂಲೆಗೆ ಕಣ್ಣು ಮುಚ್ಚಿಕೊಂಡೇ ಬಂದು, ದೀರ್ಘವಾಗಿ ಉಸಿರೆಳೆದು, “ಇದು ಗಾಳಿ! ಒಂದು ಚೂರು ವಾಸನೆ ಇಲ್ಲ. ಪಂಪು ಇಲ್ಲೇ” ಎಂದು ಘೋಷಿಸಿದೆ. ಜಲಜಾಕ್ಷಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. “ಕಣ್ಣು ಬಿಡಿ ಮಾರಾಯ್ರೆ” ಎಂದಳು. ಬಿಟ್ಟೆ. ನನ್ನ ಮೂಗಿನ ಕೆಳಗೇ, ಕಾಲಿನಿಂದ ಒಂದು ಮೊಳ ದೂರದಲ್ಲಿ, ಅವಳ ತವರು ಕಾಪುವಿನಿಂದ ಮಳೆಗಾಲಕ್ಕೆಂದು ಬಂದ ಒಣಮೀನು, ಚಾಪೆ ತುಂಬ ಬಿಸಿಲು ಕಾಯುತ್ತಿತ್ತು.

ನಾನು ಬಗ್ಗಿ ಒಂದು ಮೀನನ್ನೆತ್ತಿ ಮೂಗಿಗೆ ಹಿಡಿದೆ. ಏನೂ ಇಲ್ಲ. ಸುಣ್ಣದ ಗೋಡೆಯನ್ನು ಮೂಸಿದ ಹಾಗೆ. ಎಲ್ಲದಕ್ಕೂ ನಗುವ ಜಲಜಾಕ್ಷಿ ಆಗ ನಗಲಿಲ್ಲ. ತಿನ್ನರೊಂದನ್ನು ಬಿಟ್ಟು ಮಿಕ್ಕ ಲೋಕದೊಡನೆ ನನ್ನ ಮೂಗು ಯಾವತ್ತೋ ಮಾತು ಬಿಟ್ಟಿತ್ತು, ನನಗೊಂದು ಮಾತೂ ಹೇಳದೆ. ಪಂಪಿನ ಜಾಗವನ್ನು ಕೊನೆಗೆ ಅವಳೇ ತನ್ನ ಮೂಗಿನಿಂದ ಆರಿಸಿದಳು, ತೋಟದ ಕಡೆಯ ಜಗಲಿಯಲ್ಲಿ. ನಾನು ಅಲ್ಲಿಂದ ಶೆಡ್ಡಿಗೆ ಪೈಪು ಎಳೆದೆ.

ಆಮೇಲಿನದು ಸುಖದ ಕಾಲ. ಹುಡ್ ಹಾಕಿಕೊಂಡರೆ ತಂಪು ಗಾಳಿ ಮುಖಕ್ಕೆ ಬೀಸುತ್ತದೆ, “ಇವತ್ತೇ ಕೊಡ್ತೀರಾ?” ಎಂದು ಬಾಗಿಲಲ್ಲಿ ಕೂಗುವ ಗಿರಾಕಿ ಕೇಳಿಸುವುದಿಲ್ಲ. ಬಾಲದಂತೆ ಹಿಂದೆ ಬರುವ ಪೈಪು ಒಮ್ಮೆ ಹಸಿ ಬಾನೆಟ್ಟಿನ ಮೇಲೆ ಹರಿದು ಎರಡನೇ ಸಲ ಬಣ್ಣ ಹೊಡೆಸಿತು, ಅಷ್ಟೇ ಕಷ್ಟ. ಕೆಮ್ಮು ಇಳಿಯಿತು. ಡಾಕ್ಟರು ಮತ್ತೊಮ್ಮೆ ಊದಿಸಿ, “ಕೆಲಸ ಬಿಡುವುದು ಬೇಡ, ಹುಡ್ ಬಿಡಬೇಡಿ” ಎಂದಾಗ ಅಲ್ಲಿಯೇ ಕುಣಿಯುವುದೊಂದು ಬಾಕಿ.

ಮಳೆ ಮುಗಿಯುವ ಹೊತ್ತಿಗೆ ಒಂದು ಸಂಜೆ ಸ್ನಾನಕ್ಕೆಂದು ಅಂಗಿ ಬಿಚ್ಚಿದೆ. ಗಪ್ಪೆಂದು ಒಂದು ನಾತ ತಲೆಗೆ ಹೊಡೆಯಿತು. ತಿನ್ನರು, ಬೆವರು, ಹಳೇ ಎಣ್ಣೆ, ದೇವರೇ! ಮೂಗು ಬದುಕಿ ಬಂದ ಸಂತೋಷಕ್ಕೆ ಅಂಗಿ ಹಿಡಿದುಕೊಂಡೇ ಜಲಜಾಕ್ಷಿಯ ಹತ್ತಿರ ಓಡಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಇಷ್ಟು ವರ್ಷ ಈ ನಾತದ ಪಕ್ಕದಲ್ಲಿ ಹೇಗೆ ಕೂತೆ ಮಾರಾಯ್ತಿ?” ಎಂದು ಕೇಳಿದೆ.

“ಮತ್ತೆ ದಿನಾ ಸಂಜೆ ಇಷ್ಟು ಮಲ್ಲಿಗೆ ಮುಡಿಯೂದು ಎಂತಕ್ಕೆ ಅಂತ ಗ್ರಹಿಸಿದ್ರಿ?” ಎಂದಳು.

ನಾನು ಎಂತಕ್ಕೆಂದು ಗ್ರಹಿಸಿದ್ದೆ ಎಂಬುದನ್ನು ಅವಳಿಗೆ ಹೇಳಲಿಲ್ಲ. ಅಂಗಿಯನ್ನು ಬಕೆಟ್ಟಿಗೆ ಹಾಕಿ, ಆ ಮಲ್ಲಿಗೆ ಕಂಡು ಸಂಜೆಯ ಹೊತ್ತು ತಲೆ ಬಾಚಿ ಗಡ್ಡ ನೀವಿಕೊಂಡು ಅವಳ ಪಕ್ಕ ಕೂರುತ್ತಿದ್ದ ನಾನೆಂಬ ಗಂಡಸನ್ನು ನೆನೆದು, ಒಂದು ತಂಬಿಗೆ ತಣ್ಣೀರು ತಲೆಗೆ ಸುರಿದುಕೊಂಡೆ.