ಡಾಕ್ಟರು ಓಡಿಸಿದ ಕಾರು

ಹಳೇ ಕಾರು ಕೊಳ್ಳಲು ಹೊರಟವರಿಗೆ ಕಾರು ಸಿಗುವುದು ಆಮೇಲೆ, ಮೊದಲು ಸಿಗುವವರು ಬುದ್ಧಿ ಹೇಳುವವರು. ನಾನು ನರಸಾಪುರದ ಹತ್ತಿರ ಕಂಪನಿ ಹುಡುಗರಿಗೆ ಊಟದ ಮೆಸ್ ನಡೆಸುವವಳು. ಒಂದು ಒಲೆ, ಒಂದು ಸಾರಿನ ಪಾತ್ರೆಯಿಂದ ಶುರು ಮಾಡಿ ಇವತ್ತು ಎಲ್ಲಾ ಶಿಫ್ಟಿನವರಿಗೂ ಅನ್ನ ಹಾಕುತ್ತೇನೆ. ಸಾರಿಗೆ ಉಪ್ಪೆಷ್ಟು ಅಂತ ನನಗೆ ಹೇಳಿಕೊಡುವ ಧೈರ್ಯ ಯಾರಿಗೂ ಇಲ್ಲ. ಆದರೆ ಮಗಳಿಗೊಂದು ಕಾರು ಬೇಕು ಅಂದ ಕೂಡಲೇ, ಜನ್ಮದಲ್ಲಿ ಸೈಕಲ್ಲಿಗೆ ಗಾಳಿ ಹೊಡೆದದ್ದು ಬಿಟ್ಟರೆ ಬೇರೇನೂ ಮಾಡದವನು ಕೂಡ ಇಂಜಿನಿಯರಾಗಿಬಿಟ್ಟ.

ಮಗಳಿಗೆ ಹತ್ತೊಂಬತ್ತು. ಕೋಲಾರದಲ್ಲಿ ನರ್ಸಿಂಗ್ ಓದುತ್ತಾಳೆ. ಬೆಳಕು ಹರಿಯುವ ಹೊತ್ತಿಗೆ ವಾರ್ಡಿನಲ್ಲಿರಬೇಕು. ಆ ಹೊತ್ತಿನಲ್ಲಿ ನಮ್ಮ ಮನೆ ಮುಂದೆ ಕಂಪನಿ ಬಸ್ಸುಗಳು ಸಾಲಾಗಿ ಹೋಗುತ್ತವೆ, ಕೊರಳಲ್ಲಿ ಕಂಪನಿ ಕಾರ್ಡಿಲ್ಲದವರಿಗೆ ಒಂದೂ ನಿಲ್ಲುವುದಿಲ್ಲ. ಅವಳು ತಡವಾಗಿ ಹೋಗಿ ಹೋಗಿ, ಕೊನೆಗೆ ಕಾಲೇಜಿನವರು, "ಇನ್ನು ಹೀಗೇ ಆದರೆ ಪರೀಕ್ಷೆಗೆ ಕೂರಿಸೋದಿಲ್ಲ" ಅಂದರು. ಅವಳಿಗೆ ಲೈಸೆನ್ಸ್ ಇತ್ತು, ಮೊದಲನೇ ಸಲಕ್ಕೇ ಪಾಸಾಗಿದ್ದಳು. ಇಲ್ಲದಿದ್ದದ್ದು ಕಾರು ಮಾತ್ರ.

ಕ್ಯಾಲನೂರಿನಲ್ಲಿ ನಮ್ಮಣ್ಣನಿದ್ದಾನೆ. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾನೆ. ಒಂದು ಟ್ರ್ಯಾಕ್ಟರ್ ಇದೆ, ಅದರಿಂದಾಗಿ ತಲೆಯೂ ಸ್ವಲ್ಪ ಮೇಲಿದೆ. ವಿಷಯ ಕೇಳಿ ಜಗಲಿ ಮೇಲೆ ನಾಲ್ಕು ಜನರ ಮುಂದೆ ಹೇಳಿದ:

"ಹೆಣ್ಣು ಹುಡುಗಿಗೆ ಕಾರು ಯಾಕಮ್ಮಾ? ಓದು ಬಿಡಿಸಿ ಒಂದು ಗಂಡು ನೋಡು. ನಿನ್ನ ಮಗಳು ಕಾರು ಓಡಿಸ್ಕೊಂಡು ಈ ಊರಿಗೆ ಬರಲಿ, ನಾನೇ ಓಡಿ ಬಂದು ಬಾಗಿಲು ತೆಗೆದು, ತಲೆ ಮೇಲಿನ ಟವಲ್ ಕೈಗೆ ತಗೊಂಡು ಕೈ ಮುಗೀತೀನಿ."

"ಟವಲ್ ಒಗೆದಿಟ್ಟಿರು ಅಣ್ಣ," ಅಂದೆ.

ಹಾಗೆಂದವನೇ ಮಾರನೇ ವಾರ ಕಾರು ನೋಡಲು ನಮ್ಮ ಜೊತೆ ಹೊರಟ. ಹೆಂಗಸರಿಬ್ಬರೇ ಹೋದರೆ ಮೋಸ ಹೋಗ್ತೀವಂತೆ.

ಮುಹೂರ್ತದ ಗಾಡಿ

ಮೊದಲು ಕೋಲಾರ. ಅಲ್ಲಿನ ಬ್ರೋಕರ್ ಕಾರುಗಳ ಮಧ್ಯೆ ಕುರ್ಚಿ ಹಾಕಿಕೊಂಡು ಕೂತಿದ್ದ. ಯಾವ ಕಾರಿನ ಕಡೆ ಕೈ ತೋರಿಸಿದರೂ ಒಂದೇ ಪಾಠ.

"ಡಾಕ್ಟರ್ ಓಡಿಸಿದ ಗಾಡಿ ಮೇಡಂ. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಅಷ್ಟೇ."

"ಅದು?"

"ಅದೂ ಡಾಕ್ಟರ್ದೇ. ಲೇಡಿ ಡಾಕ್ಟರ್."

ನಮ್ಮ ಕಡೆ ಮಾರಾಟಕ್ಕಿರುವ ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದಾದರೆ, ನಮಗೆ ಜ್ವರ ಬಂದಾಗ ಅವರೆಲ್ಲ ಎಲ್ಲಿ ಅಡಗಿಕೊಳ್ಳುತ್ತಾರೋ ನನಗೆ ತಿಳಿಯದು.

ಅಷ್ಟರಲ್ಲಿ ಅಣ್ಣ ಪರೀಕ್ಷೆ ಶುರು ಮಾಡಿದ್ದ. ಅವನ ಪರೀಕ್ಷೆ ಅಂದರೆ ಪ್ರತಿ ಟೈರಿಗೂ ಒಂದೊಂದು ಒದೆ. ಒದ್ದು, ತಲೆಯಾಡಿಸಿ, "ಹೂಂ" ಅನ್ನುವುದು. ಮಗಳು ಬಾನೆಟ್ ತೆಗೆಸಿ ನೋಡುತ್ತಿದ್ದಳು. ನಾನು ಒಳಗಿನ ಮ್ಯಾಟ್ ಎತ್ತಿದೆ. ಅಡಿಯಲ್ಲಿ ಅರಿಶಿನ ಅಕ್ಕಿ. ಸೀಟಿನ ಸಂದಿಯಲ್ಲಿ ಒಣಗಿದ ಸೇವಂತಿಗೆ.

ನಾನು ಶಾಲೆಗೆ ಹೋದವಳಲ್ಲ. ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲಿತೆ, ಆಮೇಲೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿದೆ. ಓದದೆ ಬಿಟ್ಟದ್ದು ಅಂತ ಯಾವುದೂ ಇಲ್ಲ. ಹಿಂದಿನ ಗಾಜನ್ನು ಬಿಸಿಲಿಗೆ ಓರೆಯಾಗಿ ನೋಡಿದರೆ, ಕಿತ್ತ ಅಂಟಿನ ಗುರುತು ಅಕ್ಷರವಾಗಿ ಕಂಡಿತು. ಒಂದು ಗಂಡು ಹೆಣ್ಣಿನ ಹೆಸರು, ಅದರ ಮೇಲೆ ಇನ್ನೊಂದು ಜೋಡಿ, ಅದರ ಮೇಲೆ ಮತ್ತೊಂದು.

"ಏನಪ್ಪಾ, ನಿಮ್ಮ ಡಾಕ್ಟರು ಮುಹೂರ್ತಕ್ಕೊಂದು ಮದುವೆ ಆಗ್ತಿದ್ರಾ?" ಅಂತ ಕೇಳಿದೆ.

ಅವನ ಮುಖ ಸ್ವಲ್ಪವೂ ಬಾಡಲಿಲ್ಲ. "ಬರೀ ಶುಭಕಾರ್ಯಕ್ಕೇ ಓಡಿರೋ ಗಾಡಿ ಮೇಡಂ. ಮೊದಲು ಅದನ್ನೇ ಹೇಳಬೇಕಿತ್ತು, ಮರ್ತೆ."

ಹೊರಗೆ ಬಂದ ಮೇಲೆ ಅಣ್ಣ ಗಂಭೀರವಾಗಿ, "ಟೈರ್ ಒದ್ದಾಗಲೇ ನಂಗೆ ಗೊತ್ತಾಯ್ತು ಕಣಮ್ಮಾ, ಇದು ಮದುವೆ ಗಾಡಿ ಅಂತ" ಅಂದ.

ಒಣಗಿದ ನಿಂಬೆಹಣ್ಣು

ಮಾಲೂರಿನಲ್ಲಿ ಒಬ್ಬರು ಹೆಂಚಿನ ವ್ಯಾಪಾರ ಮಾಡಿ ಬಿಟ್ಟವರು. ಕಾರು ಹಳೇದು, ಆದರೆ ಹೊಸದರ ಹಾಗಿದೆ ಅಂತ ಸುದ್ದಿ. ಹೋದೆವು. ಶೆಡ್ಡಿನ ಬಾಗಿಲು ತೆಗೆದರೆ ಊದುಕಡ್ಡಿಯ ಹೊಗೆ.

ಕಾರಿಗೆ ಕುಂಕುಮ, ಸ್ಟೀರಿಂಗಿಗೆ ಹೂವಿನ ಹಾರ. ಸೀಟಿಗೆ ಕಂಪನಿಯಲ್ಲಿ ಸುತ್ತಿದ ಪ್ಲಾಸ್ಟಿಕ್ ಹಾಗೇ ಇದೆ. ಮುಂದಿನ ಗಾಜಿಗೆ ಅಡ್ಡಡ್ಡ ಎಳೆದ ವಿಭೂತಿ ವರ್ಷಗಳಿಂದ ಪದರಪದರವಾಗಿ ಗಟ್ಟಿಯಾಗಿದೆ.

"ಚಪ್ಪಲಿ ಬಿಟ್ಟು ಹತ್ತಮ್ಮ," ಅಂದರು ಮಗಳಿಗೆ.

ಅವಳು ಚಪ್ಪಲಿ ಬಿಟ್ಟು, ಹಾರ ಸರಿಸಿ ಕೂತಳು. "ಅಂಕಲ್, ಮುಂದೆ ರಸ್ತೆ ಕಾಣಲ್ವಲ್ಲ."

"ಮುಂದೆ ನೋಡ್ಕೊಳ್ಳೋಕೆ ದೇವರಿದಾನಮ್ಮ."

"ಸ್ಟಾರ್ಟ್ ಮಾಡ್ಲಾ?"

"ಇವತ್ತಾ? ಇವತ್ತು ಮಂಗಳವಾರ."

ನಾನು ಬಗ್ಗಿ ಚಕ್ರದ ಕಡೆ ನೋಡಿದೆ. ಪೂಜೆ ಮಾಡಿ ಚಕ್ರದ ಮುಂದೆ ನಿಂಬೆಹಣ್ಣು ಇಡುತ್ತೇವಲ್ಲ, ಗಾಡಿ ಹೊರಡುವಾಗ ತುಳಿದುಕೊಂಡು ಹೋಗಲಿ ಅಂತ. ಇಲ್ಲಿ ಇಟ್ಟ ನಿಂಬೆಹಣ್ಣುಗಳು ಇಟ್ಟ ಹಾಗೇ ಒಣಗಿ, ಕಪ್ಪಗೆ ಗೋಲಿಯಾಗಿ ಕೂತಿದ್ದವು. ಒಂದೊಂದು ಹಬ್ಬಕ್ಕೆ ಒಂದೊಂದು, ಸಾಲಾಗಿ. ನಿಂಬೆಹಣ್ಣು ತುಳಿಯುವಷ್ಟು ದೂರವೂ ಆ ಗಾಡಿ ಹೋಗಿರಲಿಲ್ಲ.

"ಇದು ಕಾರಲ್ಲ ಸ್ವಾಮಿ, ಉತ್ಸವಮೂರ್ತಿ," ಅಂದೆ. "ಉತ್ಸವಮೂರ್ತಿಯಾದ್ರೂ ವರ್ಷಕ್ಕೊಂದು ಸಲ ಬೀದಿ ನೋಡುತ್ತೆ."

ಅವರಿಗೆ ನನ್ನ ಮಾತಿನಿಂದ ಏನೂ ನೋವಾಗಲಿಲ್ಲ. ಅವರು ನೋಡುತ್ತಿದ್ದದ್ದು ಮಗಳನ್ನು. ಅವಳು ಕ್ಲಚ್ ಒತ್ತಿ, ಗೇರ್ ಹಾಕಿ ನೋಡಿ, ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ಯಜಮಾನರ ಮುಖದ ಬಣ್ಣ ಇಳಿಯಿತು. ನಿಧಾನಕ್ಕೆ ಬಂದು ಬೀಗದ ಕೈ ತೆಗೆದುಕೊಂಡರು.

"ನಿಮಗೆ ಕೊಡಲ್ಲಮ್ಮ. ನಿಮ್ಮ ಹುಡುಗಿ ನೋಡಿದ್ರೆ ಓಡಿಸೋ ಹಾಗಿದಾಳೆ."

ಸೀಸನ್ನಿಗೆ ವಾಪಸ್

ಮೂರನೆಯದು ಶ್ರೀನಿವಾಸಪುರದ ತೋಟದವರೊಬ್ಬರದು. ಕಾರಿನ ಬಾಗಿಲು ತೆಗೆದ ಕೂಡಲೇ ಅಣ್ಣ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡ.

"ಏನು ಘಮ ಕಣಮ್ಮಾ. ಸೆಂಟು ಹಾಕಿಟ್ಟಿದಾರೆ."

ಸೆಂಟೂ ಇಲ್ಲ, ಏನೂ ಇಲ್ಲ. ಮಾವಿನಹಣ್ಣಿನ ವಾಸನೆ. ಸೀಟಿನ ಮೇಲೆ ಸೊನೆಯ ಕಲೆ. ಬಾಗಿಲ ಜೇಬಿನಲ್ಲಿ ಹುಲ್ಲು. ಸಣ್ಣ ನೊಣಗಳು ಬಾಡಿಗೆ ಕೊಟ್ಟವರ ಹಾಗೆ ಗಾಜಿನ ಮೇಲೆ ಧೈರ್ಯವಾಗಿ ಓಡಾಡುತ್ತಿದ್ದವು.

"ಕಿಟಕಿ ಗಾಜು ಇಳಿಸಿಯೇ ಇಲ್ಲ ನೋಡಿ," ಅಂದರು ಮಾಲೀಕರು. "ಒಳಗಿನ ಗಾಳಿ ಹೊರಗೆ ಹೋಗಿಲ್ಲ, ಹೊರಗಿನದು ಒಳಗೆ ಬಂದಿಲ್ಲ."

ಮಗಳು ಏಸಿ ಹಾಕಿದಳು. ಗಾಳಿ ಬರುವ ಕಿಂಡಿಯಿಂದ ಮೊದಲು ಹುಲ್ಲಿನ ಚೂರು ಹಾರಿ ಬಂದು, ನೆಟ್ಟಗೆ ಹಿಂದೆ ಕೂತಿದ್ದ ಅಣ್ಣನ ತೆರೆದ ಬಾಯಿಗೆ ಹೋಯಿತು.

ಅವನು ಕೆಮ್ಮಿ ಮುಗಿಸುವಷ್ಟರಲ್ಲಿ ವಿಷಯ ಹೊರಗೆ ಬಂತು. ಕಾಯಿ ಕಿತ್ತು ಈ ಕಾರಿನೊಳಗೆ ಹುಲ್ಲಿನ ಮಧ್ಯೆ ತುಂಬಿ, ಗಾಜು ಏರಿಸಿ, ಬಿಸಿಲಿಗೆ ನಿಲ್ಲಿಸಿಬಿಡುತ್ತಿದ್ದರು. ಹಣ್ಣಾಗುವವರೆಗೆ ತೆಗೆಯುತ್ತಿರಲಿಲ್ಲ.

"ಕಾರ್ಬೈಡ್ ಗೀರ್ಬೈಡ್ ನಾನು ಮುಟ್ಟೋನಲ್ಲಮ್ಮ," ಅಂದರು ಎದೆ ಮೇಲೆ ಕೈ ಇಟ್ಟುಕೊಂಡು. "ಈ ಕಾರಲ್ಲಿ ಹಣ್ಣಾದ ಬಾದಾಮಿ ಮಾವು ತಿಂದೋರು ಬೇರೆ ಹಣ್ಣು ತಿನ್ನಲ್ಲ. ಅದಕ್ಕೇ ಒಂದು ಮಾತು. ಕಾರು ಈಗ ತಗೊಂಡು ಹೋಗಿ, ಸಂತೋಷ. ಸೀಸನ್ ಬಂದಾಗ ಮಾತ್ರ ವಾಪಸ್ ತಂದು ಬಿಡಬೇಕು. ಸೀಸನ್ ಮುಗಿದ ಮೇಲೆ ನಾನೇ ತಂದು ಕೊಡ್ತೀನಿ."

"ಅಲ್ಲಿವರೆಗೂ ನನ್ನ ಮಗಳು ವಾರ್ಡಿಗೆ ಹೇಗ್ರೀ ಹೋಗ್ಬೇಕು?"

"ಮಾವಿನಕಾಲದಲ್ಲಿ ಕಾಯಿಲೆ ಕಮ್ಮಿ ಅಲ್ವಾ?"

ನಾನು ಹೊರಟೆ. ಅಣ್ಣ ಹೊರಡಲಿಲ್ಲ. ಹಿಂದೆ ತಿರುಗಿ ನೋಡಿದರೆ, ಮಾಲೀಕರ ಹೆಗಲ ಮೇಲೆ ಕೈ ಹಾಕಿಕೊಂಡು ಗುಟ್ಟಾಗಿ ಕೇಳುತ್ತಿದ್ದ: "ವಾಪಸ್ ಕೊಟ್ರೆ ನಮಗೆ ಎಷ್ಟು ಕ್ರೇಟ್ ಹಣ್ಣು ಕೊಡ್ತೀರಿ?"

ಉದ್ದನೆಯ ಗ್ಲೌಸು

ನಾಲ್ಕನೇ ಸಲ ಅಣ್ಣನಿಗೆ ಹೇಳದೆ ಮಗಳೂ ನಾನೂ ಮುಳಬಾಗಿಲಿಗೆ ಹೋದೆವು. ಯಾರೋ ಡಾಕ್ಟರು, ಬೇರೆ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ಕಾರು ಮಾರುತ್ತಾರೆ ಅಂತ ಮೆಸ್ಸಿಗೆ ಬರುವ ಹುಡುಗನೊಬ್ಬ ಹೇಳಿದ್ದ. ಡಾಕ್ಟರ ಗಾಡಿ ಅಂದ ಕೂಡಲೇ ನನಗೆ ಅರಿಶಿನ ಅಕ್ಕಿಯ ನೆನಪಾಯಿತು.

ಇವರು ನೋಡಿದರೆ ವಿಚಿತ್ರ ಮನುಷ್ಯ. ಬಾಯಿ ತೆಗೆದರೆ ತಮ್ಮ ಕಾರಿನ ತಪ್ಪನ್ನೇ ಹೇಳುತ್ತಾರೆ. ಎಡಗಡೆ ಬಾಗಿಲು ಗಟ್ಟಿಯಾಗಿ ಎಳೆಯಬೇಕು. ಹಿಂದಿನ ಬಂಪರ್ ಒಂದು ಸಲ ಒದೆ ತಿಂದಿದೆ. ಯಾರು ಒದ್ದರು ಅಂತ ಕೇಳಿದರೆ ನಕ್ಕುಬಿಟ್ಟರು. ತನ್ನ ಗಾಡಿಯ ದೋಷ ತಾನೇ ಹೇಳುವವನನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ, ಹಾಗಾಗಿ ಪೂರ್ತಿ ಅನುಮಾನದಿಂದಲೇ ನೋಡಿದೆ. ಮಗಳು ದೇವರಾಯಸಮುದ್ರದವರೆಗೂ ಓಡಿಸಿಕೊಂಡು ಹೋಗಿ ಬಂದಳು. ಇಳಿದವಳ ಮುಖ ನೋಡಿದೆ. ಅಷ್ಟು ಸಾಕಾಯಿತು ನನಗೆ.

"ಒಂದು ಮಾತಮ್ಮ," ಅಂದರು ಡಾಕ್ಟರು. "ಈ ಹಾರ್ನ್ ನಾನೇ ಬೇರೆ ಹಾಕಿಸಿದ್ದು. ಊರಾಚೆಗೂ ಕೇಳುತ್ತೆ. ಇದನ್ನ ಬದಲಾಯಿಸಿಬಿಡಿ."

"ಯಾಕೆ, ಕೆಟ್ಟಿದೆಯಾ?"

"ಕೆಟ್ಟಿಲ್ಲ. ಆದ್ರೆ..."

"ಕೆಡದೇ ಇರೋದನ್ನ ಬದಲಾಯಿಸೋಳು ನಾನಲ್ಲ," ಅಂದೆ. ಅವರು ಏನೋ ಹೇಳಲು ಹೋದವರು ನನ್ನ ಮುಖ ನೋಡಿ, ದುಡ್ಡು ಎಣಿಸಿಕೊಂಡು ಬೀಗದ ಕೈ ಕೊಟ್ಟರು.

ಮನೆಗೆ ಬಂದು ಡಿಕ್ಕಿ ತೆಗೆದರೆ ಒಂದು ಹಗ್ಗ, ಮೊಣಕಾಲವರೆಗೆ ಬರುವ ರಬ್ಬರ್ ಬೂಟು, ಒಂದು ಪೊಟ್ಟಣ ಗ್ಲೌಸು ಮರೆತು ಬಿಟ್ಟಿದ್ದರು. ಮಗಳು ಒಂದು ಗ್ಲೌಸ್ ಹಾಕಿಕೊಂಡಳು. ಅದು ಭುಜದವರೆಗೆ ಬಂತು.

"ಅಮ್ಮ, ನಮ್ಮ ವಾರ್ಡಲ್ಲಿ ಇಷ್ಟುದ್ದದ್ದು ನಾನು ನೋಡಿಲ್ಲ."

"ನೀನು ಇನ್ನೂ ಓದ್ತಾ ಇರೋಳು," ಅಂದೆ. "ದೊಡ್ಡ ಡಾಕ್ಟರಿಗೆ ದೊಡ್ಡ ಗ್ಲೌಸು."

ತವರಿನ ಮರ್ಯಾದೆ

ಆ ಭಾನುವಾರ ಹೊರಟಿದ್ದು ಕ್ಯಾಲನೂರಿಗೆ. ಅಣ್ಣನ ಟವಲ್ ನನ್ನ ಕಣ್ಣ ಮುಂದೆಯೇ ಇತ್ತು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಮುಂದೆ ಕೂತರೆ ಮಗಳು ಓಡಿಸುತ್ತಿರುವುದು ಜನಕ್ಕೆ ಸರಿಯಾಗಿ ಕಾಣುವುದಿಲ್ಲ.

ಊರ ಬಾಗಿಲಲ್ಲಿ, ಡೇರಿ ಮುಂದೆ, ಒಂದು ಕರು ರಸ್ತೆಗೆ ಅಡ್ಡ ನಿಂತಿತ್ತು. ಮಗಳು ಹಾರ್ನ್ ಹೊಡೆದಳು. ಅದು ಕದಲಲಿಲ್ಲ. ಇನ್ನೊಂದು ಸಲ ಉದ್ದಕ್ಕೆ ಹೊಡೆದಳು.

ಆಮೇಲೆ ಆದದ್ದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಒಂದೊಂದೇ ಮನೆ ಬಾಗಿಲು ತೆರೆಯಿತು. ಒಂದೊಂದು ಮನೆಯಿಂದಲೂ ಒಂದು ಹಸು ಹೊರಗೆ ಬಂತು.

"ಡಾಕ್ಟರುಗಾರು ವಚ್ಚಿನಾರು," ಅಂತ ಒಬ್ಬ ಅಜ್ಜಿ ತೆಲುಗಿನಲ್ಲಿ ಬೀದಿಗೆಲ್ಲ ಸಾರಿದಳು. ಇನ್ನೊಬ್ಬಳು ಪಕ್ಕದ ಮನೆಗೆ ಕೂಗಿದಳು: "ಬಂದ್ರು ಕಣೇ, ಹಸು ಬಿಚ್ಚೇ ಬೇಗ."

ಕಾರಿನ ಸುತ್ತ ಕೊಂಬೋ ಕೊಂಬು. ಅಜ್ಜಿ ಬಂದು ಕಿಟಕಿಯಲ್ಲಿ ಇಣುಕಿದಳು.

"ಹೊಸ ಡಾಕ್ಟರಮ್ಮನಾ? ಹಳೆಯೋರು ರಜ ಹಾಕಿದಾರೆ ಅಂದ್ಕೊಂಡಿದ್ವಿ. ನಮ್ಮ ಹಸು ನಿನ್ನೆಯಿಂದ ಬೆದೆಗೆ ಬಂದು ಕೂಗ್ತಾ ಇದೆ ತಾಯಿ, ಒಂದು ಸೂಜಿ ಹಾಕು."

"ಅಜ್ಜಿ, ನಾನು ನರ್ಸಿಂಗ್ ಓದೋಳು. ಮನುಷ್ಯರಿಗೆ."

"ಪರ್ವಾಗಿಲ್ಲ ಬಿಡು, ನಾವೇನೂ ಅಂದ್ಕೊಳ್ಳಲ್ಲ."

ಉದ್ದನೆಯ ಗ್ಲೌಸು, ಹಗ್ಗ, ಬೂಟು, ಒದೆ ತಿಂದ ಬಂಪರ್ ಎಲ್ಲ ಆ ಕ್ಷಣ ನನಗೆ ಒಟ್ಟಿಗೆ ಅರ್ಥವಾದವು. ಆತ ಪಶುವೈದ್ಯ. ವರ್ಗವಾಗುವ ಮುಂಚೆ ಇದ್ದದ್ದು ಇದೇ ಊರಿನಲ್ಲಿ. ಊರ ಬಾಗಿಲಲ್ಲಿ ಹಾರ್ನ್ ಹೊಡೆದರೆ ಹಸು ಹಿಡಿದುಕೊಂಡು ಬನ್ನಿ ಅಂತ ಲೆಕ್ಕ.

ಅಷ್ಟರಲ್ಲಿ ಅಡ್ಡಬೀದಿಯಿಂದ ಒಬ್ಬ, ದೊಡ್ಡ ಹಸು ಎಳೆದುಕೊಂಡು, ಪಂಚೆ ಎತ್ತಿಕೊಂಡು ಓಡಿ ಬಂದ. ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಮುಂದೆ ನುಗ್ಗಿದ. ತಲೆ ಮೇಲಿನ ಟವಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ತಲೆ ಬಗ್ಗಿಸಿಕೊಂಡೇ ಕಾರಿನ ಬಾಗಿಲು ತೆಗೆದ. ಎರಡೂ ಕೈ ಜೋಡಿಸಿದ.

"ಸಾರ್, ಮೊದಲು ನಮ್ಮ ಹಸು ನೋಡ್ಬೇಕು, ಆಮೇಲೆ ಮನೆಗೂ ಬರಬೇಕು. ದಾರಿ ನೋಡಿ ನೋಡಿ ಸಾಕಾಯ್ತು ಸಾರ್."

"ನಮಸ್ಕಾರ ಮಾವ," ಅಂದಳು ಮಗಳು.

ಅಣ್ಣ ತಲೆ ಎತ್ತಿದ. ಅವಳನ್ನು ನೋಡಿದ, ಸ್ಟೀರಿಂಗ್ ನೋಡಿದ, ಹಿಂದೆ ರೇಷ್ಮೆ ಸೀರೆಯಲ್ಲಿ ಕೂತಿದ್ದ ನನ್ನನ್ನು ನೋಡಿದ. ಜೋಡಿಸಿದ ಕೈ ಬಿಡಿಸುವುದೇ ಮರೆತುಹೋಗಿತ್ತು.

"ಟವಲ್ ಒಗೆದಿಲ್ವಲ್ಲ ಅಣ್ಣ," ಅಂದೆ.

ಅವನು ಮುಂದಿನ ಟೈರಿಗೆ ಒಂದು ಒದೆ ಕೊಟ್ಟು, "ಹೂಂ. ಒಳ್ಳೇ ಗಾಡಿ" ಅಂದ.

ಮಗಳು ಈಗ ದಿನಾ ಕಂಪನಿ ಬಸ್ಸುಗಳನ್ನು ಹಿಂದೆ ಹಾಕಿಕೊಂಡು ಹೊತ್ತಿಗೆ ಮುಂಚೆ ವಾರ್ಡಿನಲ್ಲಿರುತ್ತಾಳೆ. ಹಾರ್ನ್ ಬದಲಾಯಿಸು ಅಂತ ಅವಳೂ ಹೇಳಿದಳು, ಅಣ್ಣನೂ ಫೋನ್ ಮಾಡಿ ಎರಡು ಸಲ ಹೇಳಿದ. ನಾನು ಬದಲಾಯಿಸಿಲ್ಲ, ಬದಲಾಯಿಸುವುದೂ ಇಲ್ಲ. ತವರಿಗೆ ಹೋದಾಗಲೆಲ್ಲ ಊರ ಬಾಗಿಲಲ್ಲಿ ಉದ್ದಕ್ಕೆ ಹೊಡೆಸುತ್ತೇನೆ. ಅಣ್ಣ ಈಗ ಹುಷಾರಾಗಿದ್ದಾನೆ, ಮೊದಲು ಕತ್ತು ಚಾಚಿ ನೋಡಿ, ನಾವೇ ಅಂತ ಗೊತ್ತಾದರೆ ಜಗಲಿ ಬಿಟ್ಟು ಏಳುವುದಿಲ್ಲ. ಅವನ ಹಸು ಹಾಗಲ್ಲ. ಮಲಗಿದ್ದರೂ ಹಾರ್ನ್ ಕೇಳಿದ ಕೂಡಲೇ ಎದ್ದು ನೆಟ್ಟಗೆ ನಿಲ್ಲುತ್ತದೆ. ಹೆಣ್ಣು ಹುಡುಗಿ ಕಾರಲ್ಲಿ ಬಂದರೆ ಹೇಗೆ ನಡೆದುಕೊಳ್ಳಬೇಕು ಅಂತ ಆ ಮನೆಯಲ್ಲಿ ಕಲಿತದ್ದು ಅದೊಂದೇ.